ಉದ್ಘಾಟನೆಯ ಮರುದಿನ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದೆ. ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆ ಏನು ಕೊಡುಗೆ ಕೊಡಬೇಕೆಂಬ ಚರ್ಚೆ ನಡೆದಾಗ, ಹೆಚ್ಚಿನವರ ಬಾಯಲ್ಲಿ ಬಂದದ್ದು ಒಂದೇ ಮಾತು: ಚಾವಣಿಯ ಮೇಲೆ ಸೋಲಾರ್ ಹಾಕಿಸೋಣ. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಅದರ ಬಗ್ಗೆ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಬಿ.ಇ. ಓದಿದ್ದು ಕಂಪ್ಯೂಟರ್ ಸೈನ್ಸ್. ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್. ಆದರೆ ನಮ್ಮ ವೃತ್ತಿ ಕಲಿಸಿದ ಒಂದು ಪಾಠ ಇಲ್ಲಿಗೂ ಒಪ್ಪುತ್ತದೆ. ಯಾವುದೇ ವ್ಯವಸ್ಥೆಯನ್ನು ಚಾಲೂ ಮಾಡುವುದು ಸುಲಭ, ಚಾಲೂ ಇಟ್ಟುಕೊಳ್ಳುವುದು ಕಷ್ಟ. ಸರ್ಕಾರಿ ಕಟ್ಟಡಗಳಿಗೆ ನಿಸರ್ಗದಿಂದ ವಿದ್ಯುತ್ ಪಡೆಯುವ ಪ್ರಯತ್ನಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಈ ಮಾತೇ ಮತ್ತೆ ಮತ್ತೆ ಎದುರಾಯಿತು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳಿ, ಕೊನೆಯಲ್ಲಿ ನಮ್ಮ ಚಾವಣಿಯ ಲೆಕ್ಕಕ್ಕೆ ಬರುತ್ತೇನೆ.

ಶಿವನಸಮುದ್ರದ ಪಾಠ

ನವೀಕರಿಸಬಹುದಾದ ಇಂಧನ ಎಂಬ ಪದ ಹೊಸದು. ಆದರೆ ಕನ್ನಡ ನಾಡಿಗೆ ಆ ವಿದ್ಯೆ ಹೊಸದಲ್ಲ. ಹರಿಯುವ ನೀರಿನಿಂದ ವಿದ್ಯುತ್ ತೆಗೆಯುವ ದೊಡ್ಡ ಯೋಜನೆಯನ್ನು ಮೈಸೂರು ಸಂಸ್ಥಾನ ಕೈಗೆತ್ತಿಕೊಂಡದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಯೋಜನೆಯನ್ನು ರೂಪಿಸಿದವರು ಸಂಸ್ಥಾನದ ಎಂಜಿನಿಯರ್ ಆಗಿದ್ದ ಜೋಲಿ ಡಿ ಲಾಟ್‌ಬಿನಿಯರ್. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅದು ಆಗಿನ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಅವರು 1901ರಲ್ಲೇ ತೀರಿಕೊಂಡಿದ್ದರು.

ಇಷ್ಟು ಸಂಗತಿಯನ್ನು ನಾವೆಲ್ಲ ಸಮಾಜ ವಿಜ್ಞಾನದ ತರಗತಿಯಲ್ಲಿ ಕೇಳಿದ್ದೇವೆ. ಪಾಠದಲ್ಲಿ ಒತ್ತಿ ಹೇಳದ ಸಂಗತಿ ಬೇರೆ ಇದೆ. ಜಲಪಾತ ಇದೆ, ಆದ್ದರಿಂದ ಯಂತ್ರ ತರೋಣ ಎಂದು ಯೋಜನೆ ಹೊರಡಲಿಲ್ಲ. ಗಣಿಗಳಿಗೆ ಹಗಲು ರಾತ್ರಿ ಶಕ್ತಿ ಬೇಕು ಎಂಬ ಅಗತ್ಯ ಕಣ್ಣ ಮುಂದೆ ಇತ್ತು. ಎಷ್ಟು ಬೇಕು, ಯಾವ ದರಕ್ಕೆ ಕೊಡಬೇಕು ಎಂದು ಗಣಿ ಕಂಪನಿಗಳೊಡನೆ ಮೊದಲೇ ಕರಾರು ಆಯಿತು. ಟರ್ಬೈನುಗಳು ಸ್ವಿಟ್ಜರ್‌ಲೆಂಡಿನಿಂದಲೂ ವಿದ್ಯುತ್ ಯಂತ್ರಗಳು ಅಮೆರಿಕದಿಂದಲೂ ಬಂದದ್ದು ಆಮೇಲೆ. ಬೆಂಗಳೂರಿನ ಬೀದಿದೀಪಗಳಿಗೆ ಈ ವಿದ್ಯುತ್ ಸಿಕ್ಕಿದ್ದು 1905ರ ಆಗಸ್ಟ್‌ನಲ್ಲಿ, ಅಂದರೆ ಗಣಿಗಳಿಗೆ ಸಿಕ್ಕ ಮೂರು ವರ್ಷಗಳ ಬಳಿಕ.

ಯೋಜಕರು ಬೇಗನೆ ಇನ್ನೊಂದು ಪಾಠವನ್ನೂ ಕಲಿತರು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಾಳೆ. ನದಿ ಸೊರಗಿದರೆ ಗಣಿಗೆ ವಿದ್ಯುತ್ ಕಡಿಮೆಯಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶ ನೀರಾವರಿ ಮಾತ್ರವಾಗಿರಲಿಲ್ಲ. ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಒದಗಿಸುವುದೂ ಅದರ ಉದ್ದೇಶವಾಗಿತ್ತು. ನಿಸರ್ಗ ಕೊಡುವ ಹೊತ್ತು ಬೇರೆ, ನಮಗೆ ಬೇಕಾಗುವ ಹೊತ್ತು ಬೇರೆ; ನಡುವೆ ಒಂದು ಕಣಜ ಬೇಕು. ಅಂದು ಆ ಕಣಜ ಅಣೆಕಟ್ಟಾಗಿತ್ತು. ಇಂದು ಸೋಲಾರ್ ಫಲಕದ ಪಕ್ಕದಲ್ಲಿ ಕೂರುವ ಬ್ಯಾಟರಿ ಮಾಡುವುದೂ ಅದೇ ಕೆಲಸವನ್ನು.

ನಮ್ಮ ಶಾಲೆ ಹುಟ್ಟಿದ ಹೊತ್ತಿನಲ್ಲಿ

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲದ ಮೇಲೆ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಜಗತ್ತಿನ ಎಲ್ಲ ಸರ್ಕಾರಗಳೂ ಬೇರೆ ದಾರಿ ಹುಡುಕತೊಡಗಿದವು. 1974ರಲ್ಲಿ, ಅಂದರೆ ನಮ್ಮ ಶಾಲೆಯ ಮೊದಲ ಹಾಜರಿ ಪುಸ್ತಕ ತೆರೆದ ವರ್ಷವೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಒಪ್ಪುವ ವಿಜ್ಞಾನ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಹೊಗೆ ಕಡಿಮೆ ಮಾಡುವ ‘ಅಸ್ತ್ರ ಒಲೆ’ ಎಂದರೆ ನಮ್ಮ ತಾಯಂದಿರಿಗೆ ಇಂದಿಗೂ ಗೊತ್ತು. ದೆಹಲಿಯಲ್ಲಿ ಕೇಂದ್ರ ಸರ್ಕಾರ 1981ರಲ್ಲಿ ಇದಕ್ಕಾಗಿ ಒಂದು ಆಯೋಗವನ್ನೂ, 1982ರಲ್ಲಿ ಅಸಾಂಪ್ರದಾಯಿಕ ಇಂಧನ ಇಲಾಖೆಯನ್ನೂ, 1992ರಲ್ಲಿ ಪ್ರತ್ಯೇಕ ಸಚಿವಾಲಯವನ್ನೂ ಸ್ಥಾಪಿಸಿತು. ನಮ್ಮ ರಾಜ್ಯದಲ್ಲಿ 1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ, ಅಂದರೆ ಕ್ರೆಡಲ್, ಅಸ್ತಿತ್ವಕ್ಕೆ ಬಂತು.

ಅಸ್ತ್ರ ವಿಭಾಗದ ಕೆಲಸಗಳಲ್ಲಿ ನಾವು ತಿಳಿಯಬೇಕಾದದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಊರಿನ ಕತೆ. ಅಲ್ಲಿ ಮೊದಲು ಊರಿಗೆಲ್ಲ ಅಡುಗೆ ಅನಿಲ ಕೊಡುವ ಉದ್ದೇಶದಿಂದ ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಲಾಯಿತು. ತಂತ್ರಜ್ಞಾನ ಸರಿಯಿತ್ತು, ಆದರೆ ಊರಿನ ಸಗಣಿ ಎಲ್ಲ ಮನೆಗಳ ಒಲೆಗೆ ಸಾಲಲಿಲ್ಲ. ಯೋಜನೆ ನಿಂತಿತು. ವಿಜ್ಞಾನಿಗಳು ಅಲ್ಲಿಗೇ ಬಿಡದೆ ಊರಿಗೆ ನಿಜವಾಗಿ ಏನು ಬೇಕು ಎಂದು ವಿಚಾರಿಸಿದರು. ಬೇಕಾಗಿದ್ದುದು ಕುಡಿಯುವ ನೀರು ಮತ್ತು ರಾತ್ರಿ ದೀಪ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆ ಬಾವಿಯ ನೀರೆತ್ತಿ ಮನೆಗಳ ಬಳಿಗೆ ಕೊಟ್ಟು, ಮನೆಗಳಿಗೆ ಟ್ಯೂಬ್‌ಲೈಟ್ ಹಾಕಿದರು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ, ಜೊತೆಗೆ ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ವಾಪಸು. ದೀಪಕ್ಕೆ ಮತ್ತು ನೀರಿಗೆ ಮನೆಯವರು ತಿಂಗಳ ಹಣ ಕಟ್ಟುತ್ತಿದ್ದರು. ಘಟಕ ನಡೆಸಲು ಊರಿನದೇ ಹುಡುಗರು, ಲೆಕ್ಕ ನೋಡಲು ಊರಿನದೇ ಸಭೆ. ಈ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು.

ಘಟಕ ಅದೇ, ಸಗಣಿ ಅದೇ, ಊರೂ ಅದೇ. ಬದಲಾದದ್ದು ಎರಡೇ ಸಂಗತಿ: ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತು, ಯಾರು ನೋಡಿಕೊಳ್ಳುತ್ತಾರೆ ಎಂಬುದು ಗಟ್ಟಿಯಾಯಿತು.

ಶ್ವೇತಭವನದಿಂದ ಇಳಿದ ಫಲಕಗಳು

ದುಡ್ಡಿಗೂ ತಜ್ಞರಿಗೂ ಕೊರತೆ ಇಲ್ಲದ ಕಡೆ ಇಂಥ ಯೋಜನೆ ತಾನಾಗಿ ಉಳಿಯುತ್ತದೆ ಎಂದು ಭಾವಿಸುವವರು ಅಮೆರಿಕದ ಒಂದು ಕತೆಯನ್ನು ಕೇಳಬೇಕು. 1979ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಾಷಿಂಗ್ಟನ್‌ನ ಶ್ವೇತಭವನದ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಅಳವಡಿಸಿದರು. ಜಗತ್ತಿನ ಅತ್ಯಂತ ಪ್ರಸಿದ್ಧ ಸರ್ಕಾರಿ ಕಟ್ಟಡದ ಚಾವಣಿ ಅದು. 1986ರಲ್ಲಿ, ಅಧ್ಯಕ್ಷ ರೇಗನ್ ಅವರ ಕಾಲದಲ್ಲಿ, ಚಾವಣಿ ದುರಸ್ತಿಗೆಂದು ಅವುಗಳನ್ನು ಇಳಿಸಿದರು. ದುರಸ್ತಿ ಮುಗಿಯಿತು, ಫಲಕಗಳು ಮತ್ತೆ ಮೇಲೇರಲಿಲ್ಲ. ವರ್ಷಗಳ ನಂತರ ಮೇನ್ ರಾಜ್ಯದ ಒಂದು ಸಣ್ಣ ಕಾಲೇಜು ಉಗ್ರಾಣದಲ್ಲಿದ್ದ ಆ ಫಲಕಗಳನ್ನು ಕೊಂಡೊಯ್ದು, ತನ್ನ ಊಟದ ಮನೆಗೆ ನೀರು ಕಾಯಿಸಿಕೊಂಡಿತು. ಫಲಕಗಳು ಕೆಟ್ಟಿರಲಿಲ್ಲ, ಅವು ಬೇಕು ಎನ್ನುವವರು ಆ ಕಟ್ಟಡದಲ್ಲಿ ಉಳಿದಿರಲಿಲ್ಲ, ಅಷ್ಟೇ.

ಸರ್ಕಾರಿ ಕಟ್ಟಡದ ಸ್ವಭಾವವೇ ಇದು. ಮನೆಗೆ ಒಬ್ಬ ಯಜಮಾನ ಇರುತ್ತಾನೆ. ಸರ್ಕಾರಿ ಕಟ್ಟಡಕ್ಕೆ ಅಧಿಕಾರಿಗಳು ಬರುತ್ತಾರೆ, ಹೋಗುತ್ತಾರೆ. ಕಟ್ಟಡ ಕಟ್ಟಿಸಿದ ಇಲಾಖೆ ಒಂದು, ಬಳಸುವ ಇಲಾಖೆ ಇನ್ನೊಂದು, ವಿದ್ಯುತ್ ಬಿಲ್ಲು ಕಟ್ಟುವ ಲೆಕ್ಕಶೀರ್ಷಿಕೆ ಮತ್ತೊಂದು. ಮುಖ್ಯ ಶಿಕ್ಷಕರಿಗೆ ವರ್ಗವಾದರೆ, ಚಾವಣಿಯ ಮೇಲಿನ ಯಂತ್ರದ ವಾರಂಟಿ ಕಾಗದ ಯಾವ ಬೀರುವಿನಲ್ಲಿದೆ ಎಂಬುದೂ ಅವರೊಡನೆಯೇ ಹೊರಟುಹೋಗುತ್ತದೆ.

ಇದಕ್ಕೆ ದೂರದ ಉದಾಹರಣೆಯೇ ಬೇಕಿಲ್ಲ. ನಾನು ಎಂಟನೇ ತರಗತಿಗೆ ಸೇರಿದಾಗ ನಮ್ಮ ಧ್ವಜಸ್ತಂಭದ ಪಕ್ಕದಲ್ಲಿ ದಾನಿಗಳೊಬ್ಬರು ಕೊಟ್ಟ ಸೋಲಾರ್ ದೀಪದ ಕಂಬ ಇತ್ತು. ನಾನು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಅದರ ಬ್ಯಾಟರಿ ಸತ್ತು ಹೋಗಿತ್ತು. ಬೇರೆ ಬ್ಯಾಟರಿ ಹಾಕಿಸಲು ಯಾವ ಅನುದಾನದಲ್ಲೂ ಅವಕಾಶವಿರಲಿಲ್ಲ. ಆಗಸ್ಟ್ 15ಕ್ಕೆ ಬಣ್ಣದ ಕಾಗದದ ತೋರಣ ಕಟ್ಟಲು ಮಾತ್ರ ಆ ಕಂಬ ಚೆನ್ನಾಗಿ ಒದಗಿತು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಯೋಜನೆಯಲ್ಲಿ ನಾಲ್ಕನೆಯ ವರ್ಷ ಎಂಬುದೇ ಇರಲಿಲ್ಲ.

ನಡೆದು ತೋರಿಸಿದವರು

ಕೇಂದ್ರ ಸರ್ಕಾರ 2010ರಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ಆರಂಭಿಸಿದಾಗ 2022ರೊಳಗೆ 20,000 ಮೆಗಾವಾಟ್ ಎಂಬ ಗುರಿ ಇತ್ತು. 2015ರಲ್ಲಿ ಅದನ್ನು 1,00,000 ಮೆಗಾವಾಟ್‌ಗೆ ಏರಿಸಿದರು. ಅದರಲ್ಲಿ 40,000 ಮೆಗಾವಾಟ್ ಚಾವಣಿಗಳಿಂದ ಬರಬೇಕಿತ್ತು. ಬಯಲಿನ ಯೋಜನೆಗಳು ಭರದಿಂದ ಸಾಗಿದವು. ನಮ್ಮ ಪಾವಗಡದಲ್ಲೇ ರೈತರ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು. ಚಾವಣಿಯ ಗುರಿ ಮಾತ್ರ ಆ ಅವಧಿಯಲ್ಲಿ ಮುಟ್ಟಲಿಲ್ಲ. ಸಾವಿರಾರು ಎಕರೆಯ ಯೋಜನೆಗೆ ಒಬ್ಬ ಹೊಣೆಗಾರನನ್ನು ನೇಮಿಸಬಹುದು. ಸಾವಿರಾರು ಚಾವಣಿಗಳಿಗೆ ಸಾವಿರಾರು ಹೊಣೆಗಾರರು ಬೇಕು.

ಆದರೂ ಎರಡು ಕಡೆ ಕೆಲಸ ಚೆನ್ನಾಗಿ ನಡೆದಿದೆ. ಒಂದು, ಕೊಚ್ಚಿ ವಿಮಾನ ನಿಲ್ದಾಣ. ಕೇರಳ ಸರ್ಕಾರವೂ ಪಾಲುದಾರನಾಗಿರುವ ಈ ನಿಲ್ದಾಣ ಒಂದೇ ಸಲ ದೊಡ್ಡದಕ್ಕೆ ಕೈ ಹಾಕಲಿಲ್ಲ. 2013ರಲ್ಲಿ ಟರ್ಮಿನಲ್‌ನ ಚಾವಣಿಯ ಮೇಲೆ 100 ಕಿಲೋವಾಟ್ ಹಾಕಿ ನೋಡಿದರು. ಅದು ಸರಿಹೋದ ಮೇಲೆ ವಿಮಾನ ದುರಸ್ತಿ ಶೆಡ್ಡಿನ ಬಳಿ 1 ಮೆಗಾವಾಟ್. ಅದೂ ಸರಿಹೋದ ಮೇಲೆ 2015ರ ಆಗಸ್ಟ್‌ನಲ್ಲಿ 45 ಎಕರೆಯಲ್ಲಿ 12 ಮೆಗಾವಾಟ್. ಹೀಗೆ ಅದು ಪೂರ್ತಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವಾಯಿತು. ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ರಾಜ್ಯದ ಜಾಲಕ್ಕೆ ಕೊಟ್ಟು ರಾತ್ರಿ ವಾಪಸು ಪಡೆಯುತ್ತಾರೆ. ಫಲಕ ತೊಳೆದ ನೀರು ಹರಿಯುವ ನೆಲದಲ್ಲಿ ತರಕಾರಿ ಬೆಳೆಯುತ್ತಾರೆ.

ಇನ್ನೊಂದು ಛತ್ತೀಸಗಢ. ಅಲ್ಲಿನ ರಾಜ್ಯ ಇಂಧನ ಸಂಸ್ಥೆ ಕ್ರೆಡಾ ನೂರಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ 2 ಕಿಲೋವಾಟ್‌ನ ಸೋಲಾರ್ ವ್ಯವಸ್ಥೆಯನ್ನು ಬ್ಯಾಟರಿ ಸಮೇತ ಅಳವಡಿಸಿತು. ಉದ್ದೇಶ ಬಿಲ್ಲು ಉಳಿಸುವುದಲ್ಲ. ಕರೆಂಟು ಹೋದಾಗ ಹೆರಿಗೆ ಕೋಣೆಯಲ್ಲಿ ದೀಪ ಇರಬೇಕು, ಲಸಿಕೆಯ ಪೆಟ್ಟಿಗೆ ತಣ್ಣಗಿರಬೇಕು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸೋಲಾರ್ ಇಲ್ಲದ ಕೇಂದ್ರಗಳಿಗೆ ಹೋಲಿಸಿದರೆ ಇದ್ದ ಕೇಂದ್ರಗಳಲ್ಲಿ ತಿಂಗಳಿಗೆ ಹೆರಿಗೆಗಳು ಹೆಚ್ಚುಕಡಿಮೆ ಎರಡು ಪಟ್ಟು, ಹೊರರೋಗಿಗಳ ಸಂಖ್ಯೆ ಶೇ. 50ಕ್ಕಿಂತ ಹೆಚ್ಚು. ಇಷ್ಟು ಚಿಕ್ಕ ಯಂತ್ರ ಇಷ್ಟು ದೊಡ್ಡ ಕೆಲಸ ಮಾಡಿತು. ಯಾವ ಕೆಲಸಕ್ಕೆ ಎಂಬುದು ಅಲ್ಲಿ ಮೊದಲೇ ಸ್ಪಷ್ಟವಿತ್ತು.

ನಮ್ಮ ಚಾವಣಿಯ ಲೆಕ್ಕ

ಈಗ ಊರಿಗೆ ಬರೋಣ. ಸೋಲಾರ್ ಹಾಕಿಸಬೇಕೆನ್ನುವವರ ಮೊದಲ ಕಾರಣ ಕರೆಂಟ್ ಬಿಲ್ಲು ಉಳಿಯುತ್ತದೆ ಎಂಬುದು. ಆದರೆ 2023ರ ರಾಜ್ಯೋತ್ಸವದ ದಿನ ರಾಜ್ಯ ಸರ್ಕಾರ ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಪ್ರಕಟಿಸಿದೆ. ಬಿಲ್ಲಿನ ಭಾರ ಶಾಲೆಯ ಮೇಲೆ ಇಲ್ಲದ ಮೇಲೆ ಉಳಿತಾಯವೂ ಶಾಲೆಯದಲ್ಲ. ಫಲಕ ದುಡಿದರೂ ಕೆಟ್ಟರೂ ಶಾಲೆಯವರಿಗೆ ವ್ಯತ್ಯಾಸವೇ ತಿಳಿಯದಿದ್ದರೆ, ಅದು ಕೆಟ್ಟ ದಿನ ಯಾರೂ ಏಣಿ ಹತ್ತುವುದಿಲ್ಲ. ಧ್ವಜಸ್ತಂಭದ ಪಕ್ಕದ ಕಂಬದ ಪಾಡೇ ಚಾವಣಿಗೂ ಆಗುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ವಿದ್ಯುತ್ ಜಾಲಕ್ಕೆ ನೇರವಾಗಿ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ವ್ಯವಸ್ಥೆ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ತಂತಿ ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯ, ಅದಕ್ಕೇ ಈ ನಿಯಮ. ಅಂದರೆ ಮಟಮಟ ಮಧ್ಯಾಹ್ನ, ತಲೆಯ ಮೇಲೆ ಉರಿಬಿಸಿಲು, ಚಾವಣಿಯ ತುಂಬ ಫಲಕ, ಕೆಳಗೆ ಕಂಪ್ಯೂಟರ್ ಕೊಠಡಿ ಕತ್ತಲು! ನಮ್ಮ ಮಕ್ಕಳಿಗೆ ನಿಜವಾದ ತೊಂದರೆ ಬಿಲ್ಲಿನದಲ್ಲ, ಕರೆಂಟು ಹೋಗುವುದರದು. ಕಂಪ್ಯೂಟರ್ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆಯ ವಿಶೇಷ ತರಗತಿ ಮೊಬೈಲ್ ಬೆಳಕಿನಲ್ಲಿ ಮುಗಿಯುತ್ತದೆ.

ಹಾಗಾದರೆ ಎಷ್ಟು ಬೇಕು? ಹತ್ತು ಕಂಪ್ಯೂಟರ್‌ಗಳು ತಲಾ 100 ವಾಟ್‌ನಂತೆ ಎರಡು ಗಂಟೆ ಓಡಿದರೆ 2 ಯೂನಿಟ್. ಸಂಜೆ ಎರಡು ಕೊಠಡಿಗಳಲ್ಲಿ 20 ವಾಟ್‌ನ ಎಂಟು ಎಲ್ಇಡಿ ದೀಪ, 30 ವಾಟ್‌ನ ನಾಲ್ಕು ಹೊಸ ಬಗೆಯ ಫ್ಯಾನು, ಒಟ್ಟು 280 ವಾಟ್. ಮೂರು ಗಂಟೆಗೆ 1 ಯೂನಿಟ್‌ಗಿಂತ ಕಡಿಮೆ. ಹಳೆಯ ಫ್ಯಾನು ಒಂದೊಂದೂ ಸುಮಾರು 75 ವಾಟ್ ನುಂಗುತ್ತದೆ, ಆದ್ದರಿಂದ ಮೊದಲು ಫ್ಯಾನು ಬದಲಿಸುವುದೇ ಅಗ್ಗದ ಸೋಲಾರ್. ಒಟ್ಟು ಅಗತ್ಯ ದಿನಕ್ಕೆ 3 ಯೂನಿಟ್. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮಳೆಗಾಲದ ಮೋಡ, ಬ್ಯಾಟರಿಯಲ್ಲಿ ಸೋರುವ ಅಂಶ, ಧೂಳು ಎಲ್ಲ ಕಳೆದರೂ 2 ಕಿಲೋವಾಟ್ ಧಾರಾಳ. ಛತ್ತೀಸಗಢದ ಆರೋಗ್ಯ ಕೇಂದ್ರಗಳಿಗೆ ಹಾಕಿದ್ದೂ ಇಷ್ಟೇ. ಇದಕ್ಕೆ ನೆರಳು ಬೀಳದ ಸುಮಾರು 200 ಚದರ ಅಡಿ ಜಾಗ ಸಾಕು. ಹಳೆಯ ಹೆಂಚಿನ ಕೊಠಡಿಗಳನ್ನು ಮುಟ್ಟುವುದು ಬೇಡ. ಹೊಸ ಆರ್‌ಸಿಸಿ ಕಟ್ಟಡದ ಮೇಲೆ, ನಾವೇ ನೆಟ್ಟು ಬೆಳೆಸಿದ ಮರಗಳ ನೆರಳು ತಾಗದ ಕಡೆ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರಾಯಿತು.

ಉಳಿಯುವುದು ಮರುದಿನದ ಪ್ರಶ್ನೆ. ಫಲಕಗಳು 25 ವರ್ಷ ಬಾಳುತ್ತವೆ. ಇನ್ವರ್ಟರ್ ಸುಮಾರು ಹತ್ತು ವರ್ಷ. ಸಾಮಾನ್ಯ ಬ್ಯಾಟರಿ ನಾಲ್ಕೈದು ವರ್ಷ. ಅಂದರೆ ಈಗ ಎಂಟನೇ ತರಗತಿಯಲ್ಲಿರುವ ಮಗು ಪದವಿಗೆ ಹೋಗುವ ಹೊತ್ತಿಗೆ ಬ್ಯಾಟರಿ ಬದಲಿಸಲೇಬೇಕು. ಅದು ಅನಿರೀಕ್ಷಿತವಲ್ಲ, ಪಂಚಾಂಗದಲ್ಲಿ ಬರೆದಿಟ್ಟ ಹಬ್ಬದಷ್ಟೇ ಖಚಿತ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಮುಂದೆ ನನ್ನ ವಿನಂತಿ ಇಷ್ಟು. ಚಾವಣಿ ತುಂಬ ಫಲಕ ಹಾಕಿಸುವ ಆಸೆ ಬಿಡೋಣ. ಎರಡು ಕಿಲೋವಾಟ್‌ನ ಚಿಕ್ಕ ವ್ಯವಸ್ಥೆಯನ್ನು ಬ್ಯಾಟರಿ ಸಮೇತ ಕೊಡೋಣ. ಸಂಗ್ರಹವಾದ ಹಣದಲ್ಲಿ ಮೂರನೇ ಒಂದು ಭಾಗವನ್ನು ಶಾಲಾಭಿವೃದ್ಧಿ ಸಮಿತಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬ್ಯಾಟರಿ ಮತ್ತು ದುರಸ್ತಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಕಚೇರಿಯ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲಿನ ಬದಲು ಒಂದು ಫಲಕ ಇರಲಿ. ಅದರಲ್ಲಿ ಕೂರಿಸಿದ ದಿನಾಂಕ, ವಾರಂಟಿ ಮುಗಿಯುವ ದಿನಾಂಕ, ಬ್ಯಾಟರಿ ಬದಲಿಸಬೇಕಾದ ವರ್ಷ ದೊಡ್ಡ ಅಕ್ಷರದಲ್ಲಿರಲಿ. ಮುಖ್ಯ ಶಿಕ್ಷಕರು ಬದಲಾದರೂ ಗೋಡೆ ಬದಲಾಗುವುದಿಲ್ಲ.

ನೋಡಿಕೊಳ್ಳುವವರು ಯಾರು? ಒಂಬತ್ತನೇ ತರಗತಿಯ ವಿಜ್ಞಾನ ಸಂಘದ ಮಕ್ಕಳು. ಪ್ರತಿದಿನ ಮೀಟರ್ ಓದಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಯೂನಿಟ್ ಇಳಿದರೆ ಧೂಳೋ, ನೆರಳೋ, ತಂತಿಯೋ ಎಂದು ಮೊದಲು ತಿಳಿಯುವುದು ಅವರಿಗೇ. ಚಾವಣಿ ಹತ್ತಿ ತೊಳೆಯುವುದು ಮಾತ್ರ ದೊಡ್ಡವರ ಕೆಲಸ. ಮಕ್ಕಳನ್ನು ಅಲ್ಲಿಗೆ ಕಳುಹಿಸಬಾರದು. ಆ ಪುಸ್ತಕವನ್ನು ಪ್ರತಿ ವರ್ಷ ಜೂನ್‌ನಲ್ಲಿ ಹತ್ತನೆಯವರು ಒಂಬತ್ತನೆಯವರಿಗೆ ಒಪ್ಪಿಸಲಿ. ಹತ್ತು ವರ್ಷದ ದಾಖಲೆ ಸೇರಿದರೆ ನಮ್ಮೂರಿನ ಬಿಸಿಲು, ಮೋಡ, ಮಳೆಗಳ ಲೆಕ್ಕವೇ ಅದರಲ್ಲಿರುತ್ತದೆ. ಗಣಿತದ ಮೇಷ್ಟ್ರಿಗೆ ಸರಾಸರಿ ಕಲಿಸಲು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ನಮ್ಮಲ್ಲಿ ಆರಂಭಶೂರತನ ಎಂಬ ಮಾತಿದೆ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಸ್ವಿಚ್ ಒತ್ತಿದಾಗ ದೀಪ ಹತ್ತುವುದು ನಿಶ್ಚಯ, ಚಪ್ಪಾಳೆಯೂ ನಿಶ್ಚಯ. ನಮ್ಮ ಕೊಡುಗೆಯ ಪರೀಕ್ಷೆ ಅಂದು ಆಗುವುದಿಲ್ಲ. ಐದನೆಯ ವರ್ಷದ ಒಂದು ಸಂಜೆ, ಕರೆಂಟು ಹೋದ ಹೊತ್ತಿನಲ್ಲಿ, ವಿಶೇಷ ತರಗತಿಯ ಮಕ್ಕಳು ಪುಸ್ತಕದಿಂದ ತಲೆ ಎತ್ತದೆ ಓದುತ್ತಿದ್ದರೆ ನಾವು ತೇರ್ಗಡೆಯಾದಂತೆ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು
(2003–04ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡ)